ತೊಟ್ಟಿ ಉಂಟು, ದೋಣಿ ಇಲ್ಲ: ರಾಯಚೂರು ಸೀಮೆಯ ಮಳೆನೀರಿನ ಲೆಕ್ಕ

ದೇವದುರ್ಗ: ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವೆ ಹರಡಿರುವ ರಾಯಚೂರು ಜಿಲ್ಲೆಯಲ್ಲಿ ಕುಡಿಯುವ ನೀರಿನ ಕೊರತೆ ಪ್ರತಿ ಬೇಸಿಗೆಯ ಸುದ್ದಿ. ಸೋರುವ ಸೂರು ಮತ್ತು ಕುಸಿಯುವ ಗೋಡೆ ಪ್ರತಿ ಮಳೆಗಾಲದ ಸುದ್ದಿ. ಮೊದಲನೆಯದು ಒಂದು ಇಲಾಖೆಯ ಕಡತದಲ್ಲಿರುತ್ತದೆ, ಎರಡನೆಯದು ಮತ್ತೊಂದರಲ್ಲಿ. ಆದರೆ ಎರಡನ್ನೂ ಬೆಸೆಯುವ ಒಂದು ಸಣ್ಣ ವಸ್ತು ಯಾವ ಕಡತದಲ್ಲಿಯೂ ಪ್ರಮುಖ ಸ್ಥಾನ ಪಡೆದಿಲ್ಲ. ಅದೇ ಚಾವಣಿಯ ಅಂಚಿನಲ್ಲಿ ನೀರನ್ನು ಹಿಡಿಯುವ ದೋಣಿ ಮತ್ತು ಆ ನೀರನ್ನು ನೆಲಕ್ಕೆ ಇಳಿಸುವ ಕೊಳವೆ.

2022ರ ಮೇ-ಜೂನ್ ಅವಧಿಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಮರುವರ್ಷ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲ್ಲೂಕಿನ ರೇಕಲಮರಡಿ ಗ್ರಾಮದಲ್ಲಿ ಅದೇ ಕಾರಣಕ್ಕೆ ಜನ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು; ಒಬ್ಬ ಬಾಲಕ ಮೃತಪಟ್ಟ. ಕೊಳವೆಬಾವಿಯ ನೀರಿನ ಸ್ಥಿತಿಯೂ ಆಶಾದಾಯಕವಾಗಿಲ್ಲ. ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿರುವುದು ಬಹುಕಾಲದಿಂದ ತಿಳಿದಿರುವ ಸಂಗತಿ. ಹಟ್ಟಿ ಚಿನ್ನದ ಗಣಿಯ ಆಸುಪಾಸಿನ ಕೆಲವು ಕಡೆ ಆರ್ಸೆನಿಕ್ ಕೂಡ ಪತ್ತೆಯಾಗಿದೆ. ಇವುಗಳನ್ನು ಕುದಿಸಿ ನಿವಾರಿಸಲಾಗದು. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮಳೆನೀರಿನಲ್ಲಿ ಈ ಎರಡು ವಿಷಗಳ ಭಯವಿಲ್ಲ. ಹಾಗಿದ್ದರೂ ಅದು ಚಾವಣಿಯಿಂದ ಜಾರಿ ಬೀದಿಯ ಪಾಲಾಗುತ್ತಿದೆ.

ಎಷ್ಟು ನೀರು, ಯಾರಿಗೆ ಸಾಕು?

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ.ಗಿಂತ ತುಸು ಹೆಚ್ಚು ಮಳೆಯಾಗುತ್ತದೆ. 50 ಚದರ ಮೀಟರ್ ಚಾವಣಿಯ ಸಾಧಾರಣ ಮನೆಯ ಮೇಲೆ ಬೀಳುವ ನೀರು 30 ಸಾವಿರ ಲೀಟರ್. ಆವಿಯಾಗುವುದು, ಚೆಲ್ಲುವುದು, ಮೊದಲ ಮಳೆಯ ಕೊಳಕು ನೀರನ್ನು ಹೊರಬಿಡುವುದು ಎಂದು ಐದರಲ್ಲೊಂದು ಪಾಲು ಕಳೆದರೂ 24 ಸಾವಿರ ಲೀಟರ್ ಉಳಿಯುತ್ತದೆ. ಐದು ಜನರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ತಲೆಗೆ 7 ಲೀಟರಿನಂತೆ ದಿನಕ್ಕೆ 35 ಲೀಟರ್ ಎಂದು ಹಿಡಿದರೆ ವರ್ಷವಿಡೀ ಬೇಕಾಗುವುದು 13 ಸಾವಿರ ಲೀಟರಿಗಿಂತ ಕಡಿಮೆ. ಮಳೆ 400 ಮಿ.ಮೀ.ಗೆ ಇಳಿದ ಬರದ ವರ್ಷದಲ್ಲಿಯೂ 16 ಸಾವಿರ ಲೀಟರ್ ದೊರೆಯುತ್ತದೆ. ಸ್ನಾನ, ಬಟ್ಟೆ, ದನಕರುಗಳಿಗೆ ಇದು ಸಾಲದು. ಆದರೆ ಬಾಯಿಗೆ ಹೋಗುವ ನೀರಿನ ಮಟ್ಟಿಗೆ ಚಾವಣಿಯೇ ಸ್ವಾವಲಂಬನೆ ಒದಗಿಸಬಲ್ಲದು.

ಮಳೆಯೆಲ್ಲ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುವುದರಿಂದ ನವೆಂಬರ್‌ನಿಂದ ಮೇ ಅಂತ್ಯದವರೆಗಿನ ಸುಮಾರು 210 ದಿನಗಳಿಗೆ ಸಂಗ್ರಹ ಬೇಕು. ಅಂದರೆ 7 ಸಾವಿರ ಲೀಟರ್ ಮೀರಿದ ತೊಟ್ಟಿ. ಯೋಜನೆಯ ಹಣದ ಬಹುಪಾಲು ಇದಕ್ಕೇ ಹೋಗುತ್ತದೆ. ಆದ್ದರಿಂದಲೇ ಅಧಿಕಾರಿಗಳ ಗಮನವೂ ತೊಟ್ಟಿಯ ಮೇಲೆಯೇ ನಿಲ್ಲುತ್ತದೆ. ಆದರೆ ತೊಟ್ಟಿಗೆ ನೀರು ತರುವ ದೋಣಿ ಮುರಿದರೆ ಅಷ್ಟು ದುಬಾರಿಯ ತೊಟ್ಟಿ ಖಾಲಿ ಪೆಟ್ಟಿಗೆ.

ಸುವರ್ಣಜಲದ ಅನುಭವ

ಈ ಮಾತಿಗೆ ರಾಜ್ಯದಲ್ಲಿಯೇ ದೊಡ್ಡ ನಿದರ್ಶನವಿದೆ. ಸುವರ್ಣ ಕರ್ನಾಟಕ ಆಚರಣೆಯ ಸಂದರ್ಭದಲ್ಲಿ, 2006-07ರಲ್ಲಿ, ರಾಜ್ಯ ಸರ್ಕಾರ ‘ಸುವರ್ಣಜಲ’ ಯೋಜನೆಯಡಿ 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಚಾವಣಿ ಮಳೆನೀರು ಸಂಗ್ರಹ ವ್ಯವಸ್ಥೆ ಕಲ್ಪಿಸಲು ಮುಂದಾಯಿತು. ಉದ್ದೇಶ ಶ್ಲಾಘನೀಯ. ಆದರೆ ಕೆಲವೇ ವರ್ಷಗಳಲ್ಲಿ ಅನೇಕ ಶಾಲೆಗಳಲ್ಲಿ ವ್ಯವಸ್ಥೆ ಬಳಕೆಯಿಂದ ಹೊರಗುಳಿಯಿತು. ಇಂಥ ಯೋಜನೆ ಕೆಡುವ ಬಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ತೊಟ್ಟಿಗೆ ಬಿರುಕು ಬೀಳುವುದು ಅಪರೂಪ. ಮೊದಲು ಕಳಚುವುದು ದೋಣಿಯ ಕೊಕ್ಕೆ, ಬಳಿಕ ಒಡೆಯುವುದು ಕೊಳವೆ, ಕೊನೆಗೆ ಕಳೆದುಹೋಗುವುದು ಶೋಧಕದ ಮುಚ್ಚಳ. ಕೋತಿಗಳ ಕಾಟ, ಮಕ್ಕಳ ಚೆಂಡು, ಬೇಸಿಗೆಯ ಬಿರುಗಾಳಿ ಇವುಗಳಲ್ಲಿ ಯಾವುದಾದರೊಂದು ಸಾಕು. ದುರಸ್ತಿಗೆ ಬೇಕಾಗುವ ಹಣ ಅತ್ಯಲ್ಪ. ಆದರೆ ಆ ಅಲ್ಪ ಹಣಕ್ಕೆ ಯಾವ ಲೆಕ್ಕಶೀರ್ಷಿಕೆಯೂ ಇಲ್ಲದಿರುವುದೇ ಇಲ್ಲಿನ ವಿಪರ್ಯಾಸ.

ಬೆಂಗಳೂರಿನ ಅನುಭವ ಇದಕ್ಕಿಂತ ಭಿನ್ನ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು 1990ರ ದಶಕದ ಮಧ್ಯಭಾಗದಿಂದ ತಮ್ಮ ಮನೆಯನ್ನು ಜಲಮಂಡಳಿಯ ಸಂಪರ್ಕವಿಲ್ಲದೆ ಮಳೆನೀರಿನಿಂದಲೇ ನಡೆಸಿ ತೋರಿಸಿದರು. ಇಳಿಕೊಳವೆಗೆ ಅಳವಡಿಸಬಹುದಾದ ಸರಳ ಶೋಧಕಗಳನ್ನೂ ರೂಪಿಸಿದರು. 2009ರಲ್ಲಿ ಕಾನೂನು ತಿದ್ದುಪಡಿಯ ಮೂಲಕ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅಲ್ಲಿ ವ್ಯವಸ್ಥೆ ಮನೆಯ ಯಜಮಾನನದು, ಕೆಟ್ಟರೆ ನಷ್ಟವೂ ಅವನದೇ. ಶಾಲೆ, ಅಂಗನವಾಡಿಗಳಲ್ಲಿ ಆ ಹೊಣೆ ಯಾರ ಹೆಗಲಿನ ಮೇಲೆಯೂ ಇರುವುದಿಲ್ಲ.

ಮಾಳಿಗೆ ಮನೆಯಿಂದ ತಗಡಿನ ಸೂರಿಗೆ

ದೇವದುರ್ಗ, ಮಾನ್ವಿ ಭಾಗದ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ತೊಲೆ, ಜಂತಿಗಳ ಮೇಲೆ ಮಣ್ಣು ಹರವಿ, ಮೇಲೆ ನೀರು ಇಂಗದ ಮಣ್ಣಿನ ಮೇಲ್ಮುದ್ದೆ ಬಳಿದು, ಒಂದು ಬದಿಗೆ ಇಳಿಜಾರು ಕೊಟ್ಟು, ಗೋಡೆಯಿಂದ ಸಾಕಷ್ಟು ಹೊರಚಾಚಿದ ದೋಣಿಯ ಮೂಲಕ ನೀರನ್ನು ದೂರ ಬೀಳಿಸುತ್ತಿದ್ದರು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕುವುದು ಪ್ರತಿ ವರ್ಷದ ಕಾಯಕ. ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರದ ದಂಬೆಯೇ ಹೆಂಚಿನ ಮಾಡಿಗೆ ದೋಣಿಯಾಗಿತ್ತು. ಎರಡೂ ಕಡೆ ಒಂದೇ ತಿಳಿವಳಿಕೆ ಕೆಲಸ ಮಾಡಿತ್ತು: ಸೂರಿನ ನೀರು ಗೋಡೆಯ ಬುಡಕ್ಕೆ ಬೀಳಬಾರದು.

ಆ ವಾರ್ಷಿಕ ಕಾಯಕ ನಿಂತಲ್ಲಿ ಆಗುವ ಅನಾಹುತವನ್ನು ಉತ್ತರ ಕರ್ನಾಟಕ 2009ರಲ್ಲಿ ಕಂಡಿದೆ. ಆ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಎಡೆಬಿಡದೆ ಸುರಿದ ಮಳೆಗೆ ಸಾವಿರಾರು ಮಣ್ಣಿನ ಮನೆಗಳು ಕುಸಿದವು; ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ನದಿ ಉಕ್ಕಿ ನುಗ್ಗಿದ ಊರುಗಳಷ್ಟೇ ಅಲ್ಲ, ನದಿಯಿಂದ ದೂರದ ಊರುಗಳಲ್ಲಿಯೂ ನೆನೆದ ಮಾಳಿಗೆ ಮತ್ತು ನೆನೆದ ಗೋಡೆಗಳು ಬಿದ್ದವು.

ಮಾಳಿಗೆಯ ಜಾಗಕ್ಕೆ ಈಗ ಕಾಂಕ್ರೀಟ್ ತಾರಸಿ ಮತ್ತು ತಗಡಿನ ಸೂರು ಬಂದಿವೆ. ಆದರೆ ದೋಣಿಯ ವಿವೇಕ ಅವುಗಳ ಜೊತೆ ಬಂದಿಲ್ಲ. ತಗಡಿನ ಅಂಚಿನಿಂದ ನೀರು ನೇರ ಗೋಡೆಯ ಬುಡಕ್ಕೆ ಸುರಿಯುತ್ತದೆ. ತಾರಸಿಯ ಕುಂಬಿಗೆ ಚುಚ್ಚಿದ ಗೇಣುದ್ದದ ಕೊಳವೆಯಿಂದ ನೀರು ಗೋಡೆಯ ಮೇಲೆಯೇ ಇಳಿಯುತ್ತದೆ, ಇಲ್ಲವೇ ಪಕ್ಕದ ಮನೆಯ ಗೋಡೆಗೆ ಬಡಿಯುತ್ತದೆ. ಎರೆಭೂಮಿಯಲ್ಲಿ ಇದು ಸಣ್ಣ ತಪ್ಪಲ್ಲ. ಎರೆಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬುನಾದಿಯ ಒಂದು ಮೂಲೆ ಮಾತ್ರ ಪ್ರತಿ ಮಳೆಗೆ ನೆನೆಯುತ್ತಿದ್ದರೆ ಕಟ್ಟಡ ಅಸಮವಾಗಿ ಏಳುತ್ತದೆ, ಇಳಿಯುತ್ತದೆ. ಗೋಡೆಯಲ್ಲಿ ಓರೆಬಿರುಕು ಮೂಡುತ್ತದೆ. ಮಳೆನೀರನ್ನು ಸಂಗ್ರಹಿಸಲು ಇಚ್ಛೆಯಿಲ್ಲದ ಮನೆಗೂ ದೋಣಿ ಮತ್ತು ಇಳಿಕೊಳವೆ ಅಗತ್ಯವಾಗುವುದು ಈ ಕಾರಣಕ್ಕೆ.

ಅಗ್ಗವೂ ಬಾಳಿಕೆಯೂ

ಅಗ್ಗದ ದೋಣಿ ಬಾಳುವುದಿಲ್ಲ, ಬಾಳುವ ದೋಣಿ ಅಗ್ಗವಲ್ಲ ಎಂಬ ಮಾತು ಪೂರ್ಣ ಸತ್ಯವಲ್ಲ. ಬಾಳಿಕೆಯನ್ನು ನಿರ್ಧರಿಸುವುದು ವಸ್ತುವಿನ ಬೆಲೆಗಿಂತ ಅಳತೆ ಮತ್ತು ಜೋಡಣೆ.

ಮೊದಲನೆಯದು ಇಳಿಕೊಳವೆಯ ಅಳತೆ. ಒಟ್ಟು ಮಳೆ ಕಡಿಮೆಯಿರುವ ಊರಿಗೆ ಸಣ್ಣ ಕೊಳವೆ ಸಾಕೆಂಬುದು ತಪ್ಪು ಗ್ರಹಿಕೆ. ರಾಯಚೂರಿನ ಮಳೆ ಕೆಲವೇ ದಿನಗಳಲ್ಲಿ, ಅಬ್ಬರದಿಂದ ಸುರಿಯುವಂಥದು. ಗಂಟೆಗೆ 100 ಮಿ.ಮೀ. ವೇಗದ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಕೊಳವೆ ಸುಮಾರು 42 ಚದರ ಮೀಟರ್ ಚಾವಣಿಯ ನೀರನ್ನು ಹೊರಬಲ್ಲದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕ ಹೇಳುತ್ತದೆ. 75 ಮಿ.ಮೀ. ಕೊಳವೆಯಾದರೆ 20 ಚದರ ಮೀಟರ್ ಮಾತ್ರ. ವ್ಯಾಸ ಕಾಲು ಭಾಗ ತಗ್ಗಿದರೆ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ. ಎರಡು ಇಳಿಜಾರುಗಳ, ಒಟ್ಟು 80 ಚದರ ಮೀಟರ್ ಚಾವಣಿಯ ಶಾಲೆಗೆ ಪ್ರತಿ ಬದಿಗೆ 100 ಮಿ.ಮೀ.ನ ಒಂದೊಂದು ಕೊಳವೆ ಸಾಕು. ಹಣ ಉಳಿಸಲು ಸಣ್ಣ ಕೊಳವೆ ಹಾಕಿದರೆ ನೀರು ದೋಣಿಯಲ್ಲಿ ನಿಂತು, ಭಾರಕ್ಕೆ ಕೊಕ್ಕೆ ಕಿತ್ತುಬರುತ್ತದೆ.

ಎರಡನೆಯದು ದೋಣಿಯ ವಸ್ತು. 110 ಮಿ.ಮೀ. ಅಥವಾ 160 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಒಂದು ಪೈಪಿನಿಂದ ಎರಡು ದೋಣಿ. ಊರಿನ ಯಾವ ಪ್ಲಂಬರ್ ಬೇಕಾದರೂ ಮಾಡಬಲ್ಲ ಕೆಲಸ ಇದು. ಆದರೆ 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಪಿವಿಸಿ ಕೆಲವು ವರ್ಷಗಳಲ್ಲಿ ಪೆಡಸಾಗುತ್ತದೆ. ಹೊರಮೈಗೆ ಬಿಳಿ ಬಣ್ಣ ಬಳಿದರೆ ಆಯುಷ್ಯ ಹೆಚ್ಚುತ್ತದೆ. ಸತು ಲೇಪಿತ ಕಬ್ಬಿಣದ ತಗಡು ಬಿಸಿಲಿಗೆ ಜಗ್ಗದು. ಸ್ಥಳೀಯ ತಗಡಿನ ಕೆಲಸಗಾರರೇ ಅದನ್ನು ಬಾಗಿಸಿ ಕೊಡಬಲ್ಲರು. ಅದರ ಶತ್ರು ಕತ್ತರಿಸಿದ ಅಂಚು ಮತ್ತು ಜೋಡಣೆಯಲ್ಲಿ ಹಿಡಿಯುವ ತುಕ್ಕು. ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಹಾಗಾದರೆ ನೀರು ಸಂದಿಗೆ ನುಗ್ಗುವುದಿಲ್ಲ. ಕೋತಿಗಳಿರುವ ಊರಿಗೆ ತಗಡು, ಗಿಡಮರಗಳ ನೆರಳಿರುವ ಕಟ್ಟಡಕ್ಕೆ ಪಿವಿಸಿ ಎಂಬುದು ಒರಟಾದರೂ ಉಪಯುಕ್ತ ಸೂತ್ರ.

ಮೂರನೆಯದು ಕೊಕ್ಕೆ ಮತ್ತು ಇಳಿಜಾರು. ಪ್ರತಿ ಮೀಟರಿಗೆ 5ರಿಂದ 10 ಮಿ.ಮೀ. ಇಳಿಜಾರು ಸಾಕು, 6 ಮೀಟರ್ ದೋಣಿಗೆ 3ರಿಂದ 6 ಸೆಂ.ಮೀ. ಹೆಚ್ಚು ಕೊಟ್ಟರೆ ಕೆಳತುದಿಯಲ್ಲಿ ಚಾವಣಿಗೂ ದೋಣಿಗೂ ಅಂತರ ಬಿದ್ದು, ಗಾಳಿಮಳೆಯಲ್ಲಿ ನೀರು ಹೊರಗೆ ಹಾರುತ್ತದೆ. ಕಬ್ಬಿಣದ ಕೊಕ್ಕೆಗಳು 60ರಿಂದ 90 ಸೆಂ.ಮೀ.ಗೆ ಒಂದರಂತೆ ಇರಬೇಕು. ಅವುಗಳನ್ನು ಗಾರೆಗೆ ಅಲ್ಲ, ಚಾವಣಿಯ ಪಟ್ಟಿಗೆ ಬಿಗಿಯಬೇಕು. ದೋಣಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು. ತುಂಬಿ ಹರಿದಾಗಲೂ ನೀರು ಗೋಡೆಯತ್ತ ಬಾರದೆ ಹೊರಕ್ಕೆ ಬೀಳುತ್ತದೆ.

ಮೊದಲ ಮಳೆಯ ಕೊಳೆ

ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗುವುದು ತಾರಸಿಯ ಮೇಲೆ, ಮಲಗುವುದೂ ಅಲ್ಲಿಯೇ. ಅಕ್ಕಿ ಗಿರಣಿಗಳ ಸುತ್ತ ಬೂದಿ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸುತ್ತ ಹಾರುಬೂದಿ, ಎಲ್ಲೆಡೆ ಹಕ್ಕಿಯ ಹಿಕ್ಕೆ. ಆದ್ದರಿಂದ ಪ್ರತಿ ಮಳೆಯ ಮೊದಲ ನೀರು ತೊಟ್ಟಿ ಸೇರಬಾರದು. 50 ಚದರ ಮೀಟರ್ ಚಾವಣಿಗೆ ಮೊದಲ ಅರ್ಧ ಮಿಲಿಮೀಟರ್ ಮಳೆಯೆಂದರೆ 25 ಲೀಟರ್. 110 ಮಿ.ಮೀ. ಪೈಪ್ ಮೀಟರಿಗೆ 8ರಿಂದ 9 ಲೀಟರ್ ಹಿಡಿಯುತ್ತದೆ. ಇಳಿಕೊಳವೆಯ ಪಕ್ಕದಲ್ಲಿ 3 ಮೀಟರ್ ಉದ್ದದ, ಬುಡ ಮುಚ್ಚಿದ ಪೈಪ್ ನಿಲ್ಲಿಸಿದರೆ ಕೊಳಕು ನೀರು ಅದರಲ್ಲಿ ತುಂಬಿದ ಮೇಲಷ್ಟೇ ಶುದ್ಧ ನೀರು ತೊಟ್ಟಿಯತ್ತ ತಿರುಗುತ್ತದೆ. ಮಳೆ ನಿಂತ ಮೇಲೆ ಬುಡದ ತಿರುಪು ಬಿಚ್ಚಿ ಖಾಲಿ ಮಾಡಬೇಕು. ಬೂದಿ ಬೀಳುವ ಕಡೆ ಇದರ ಅಳತೆ ಇಮ್ಮಡಿಯಾಗಬೇಕು. ತೊಟ್ಟಿಗೆ ಬಿಗಿಯಾದ ಮುಚ್ಚಳ, ಗಾಳಿಕಿಂಡಿಗೆ ಸಣ್ಣ ಜಾಲರಿ ಇಲ್ಲದಿದ್ದರೆ ಸೊಳ್ಳೆಯ ತಾಣವಾಗಿ ಡೆಂಗಿಗೆ ದಾರಿಯಾದೀತು. ಮಳೆನೀರಿಗೆ ಫ್ಲೋರೈಡ್ ಭಯವಿಲ್ಲದಿದ್ದರೂ ರೋಗಾಣುಗಳ ಭಯ ತಪ್ಪಿದ್ದಲ್ಲ. ಇದನ್ನು ಕುದಿಸಿ ಕುಡಿದರೆ ಆ ಭಯವೂ ಇಲ್ಲ.

ಹೊಣೆ ಯಾರದು?

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಮನೆಮನೆಗೆ ನಲ್ಲಿ ತಲುಪಿಸುವ ಯೋಜನೆ. ನಲ್ಲಿ ಬಂದರೂ ಅದರ ಮೂಲ ನದಿ ಅಥವಾ ಕೊಳವೆಬಾವಿಯೇ. ಚಾವಣಿಯ ನೀರು ಅದಕ್ಕೆ ಪ್ರತಿಸ್ಪರ್ಧಿಯಲ್ಲ; ಪೈಪ್ ಒಡೆದ ದಿನ, ನೀರು ಕೆಟ್ಟ ದಿನ ಕೈಹಿಡಿಯುವ ಎರಡನೇ ಆಸರೆ. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರು ಹಾಗೂ ಮಳೆನೀರು ಸಂಗ್ರಹಕ್ಕೆಂದೇ ಒಂದು ಪಾಲು ಮೀಸಲಾಗಿತ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಈ ಭಾಗದ ಶಾಲಾ ಕಟ್ಟಡಗಳಿಗೆ ಗಣನೀಯ ಹಣ ವ್ಯಯಿಸುತ್ತಿದೆ. ಹಣದ ಕೊರತೆ ಇಲ್ಲಿನ ಮುಖ್ಯ ತೊಡಕಲ್ಲ. ಹೊಸ ಕೊಠಡಿಯ ಅಂದಾಜುಪಟ್ಟಿಯಲ್ಲಿಯೇ ದೋಣಿ, ಇಳಿಕೊಳವೆ, ಕೊಕ್ಕೆಯ ಅಳತೆ ನಮೂದಾಗಬೇಕು. ಅದಿಲ್ಲದೆ ಕೊನೆಯ ಬಿಲ್ ಪಾವತಿಯಾಗಬಾರದು.

ಅಷ್ಟೇ ಮುಖ್ಯವಾದುದು ನಿರ್ವಹಣೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ವರ್ಷಕ್ಕೊಮ್ಮೆ ಕೊಕ್ಕೆ, ಜಾಲರಿ, ಅಂಟುಗಳಿಗೆಂದು ಸಣ್ಣ ಮೊತ್ತ ಪ್ರತ್ಯೇಕವಾಗಿ ದೊರೆಯಬೇಕು. ಮಾಳಿಗೆಗೆ ಮಣ್ಣು ಹಾಕುತ್ತಿದ್ದ ಜನಕ್ಕೆ ಮಳೆಗಾಲಕ್ಕೆ ಮುನ್ನ ಸೂರು ನೋಡುವುದು ಹೊಸ ಪಾಠವೇನಲ್ಲ. ಮೇ ಕೊನೆಯ ವಾರ, ಶಾಲೆ ತೆರೆಯುವ ಮುನ್ನ, ಒಬ್ಬರು ಏಣಿ ಹಾಕಿ ದೋಣಿಯ ಕಸ ತೆಗೆದು, ಒಂದು ಕೊಡ ನೀರು ಸುರಿದು ಅದು ತೊಟ್ಟಿಗೆ ಸೇರುವುದನ್ನು ಖಚಿತಪಡಿಸಿಕೊಂಡರೆ ಆ ವರ್ಷದ ಕೆಲಸ ಬಹುಪಾಲು ಮುಗಿದಂತೆ. ಆ ಒಬ್ಬರು ಯಾರೆಂಬುದನ್ನು ಗ್ರಾಮ ಪಂಚಾಯಿತಿ ಕಾಗದದ ಮೇಲೆ ಬರೆದು ನಿಗದಿಪಡಿಸುವವರೆಗೆ ತೊಟ್ಟಿಗಳ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನವಾಗದು.