ಅಮೆರಿಕದಲ್ಲಿ ಕ್ರಿಕೆಟ್: ಬಾಡಿಗೆ ಮನೆಯೋ, ಸ್ವಂತ ಮನೆಯೋ?

ನನ್ನ ಅಕ್ಕನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಸಾಫ್ಟ್‌ವೇರ್ ಕೆಲಸ. ಒಂದು ರಾತ್ರಿ ಫೋನ್ ಮಾಡಿ, "ಮಾವ, ಇಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಇಟ್ಕೊಂಡಿದೀವಿ, ಒಂದು ಬ್ಯಾನರ್ ಡಿಸೈನ್ ಮಾಡಿ ಕಳಿಸಿ" ಎಂದ. ನಾನು ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಕಬಡ್ಡಿ ಪಂದ್ಯದ ಕರಪತ್ರದಿಂದ ಗಣೇಶೋತ್ಸವದ ರಸೀದಿ ಪುಸ್ತಕದವರೆಗೆ ಅಚ್ಚು ಹಾಕಿದ ಕೈ ಇದು. ಬ್ಯಾನರ್ ಯಾವ ಲೆಕ್ಕ?

"ಆ ಊರಿನ ಜನಕ್ಕೂ ಗೊತ್ತಾಗಲಿ. ಇದು ಏನು ಆಟ, ಹೇಗೆ ಆಡೋದು ಅಂತ ಇಂಗ್ಲಿಷಿನಲ್ಲಿ ಎರಡು ಸಾಲು ಹಾಕಲೇನಪ್ಪಾ?" ಎಂದು ಕೇಳಿದೆ.

"ಬೇಡ ಮಾವ. ಅವರು ಯಾರೂ ಬರಲ್ಲ. ಆಡೋರೂ ನಾವೇ, ನೋಡೋರೂ ನಾವೇ."

"ನಿನ್ನ ಮಗ ಆಡ್ತಾನಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ ಮಾವ. ಅವನು ಸ್ಕೂಲಲ್ಲಿ ಬೇಸ್‌ಬಾಲ್ ಆಡ್ತಾನೆ."

ಗೆಳೆಯರೇ, ಅಮೆರಿಕವನ್ನು ಕ್ರಿಕೆಟ್ ಗೆದ್ದೇಬಿಟ್ಟಿತು ಎಂದು ಟೀವಿಯವರು ಢಂಗುರ ಸಾರುವುದನ್ನು ಕೇಳಿದಾಗಲೆಲ್ಲ ನನಗೆ ಆ ಮೌನವೇ ನೆನಪಾಗುತ್ತದೆ. ಬೇರೆಯವರ ಮಕ್ಕಳ ಮಾತು ಹಾಗಿರಲಿ, ನಮ್ಮ ಮಕ್ಕಳೇ ಅಲ್ಲಿ ಬೇಸ್‌ಬಾಲಿನ ಕೈಗವಸು ತೊಟ್ಟಿದ್ದಾರೆ!

ಢಂಗುರಕ್ಕೆ ಕಾರಣವಿಲ್ಲ ಎನ್ನುತ್ತಿಲ್ಲ. 2024ರ ಜೂನ್ 6ರಂದು ಡಲ್ಲಾಸ್ ಬಳಿಯ ಗ್ರ್ಯಾಂಡ್ ಪ್ರೇರಿಯಲ್ಲಿ ನಡೆದ ಟಿ-20 ವಿಶ್ವಕಪ್ ಪಂದ್ಯದಲ್ಲಿ ಅಮೆರಿಕದ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಬಗ್ಗುಬಡಿಯಿತು. ಸೂಪರ್ ಓವರ್ ಎಸೆದವನು ಮುಂಬೈಯ ಹುಡುಗ ಸೌರಭ್ ನೇತ್ರಾವಳ್ಕರ್, ಸಾಫ್ಟ್‌ವೇರ್ ಎಂಜಿನಿಯರ್. ಅದೇ ಪಂದ್ಯದಲ್ಲಿ 30 ರನ್ನಿಗೆ 3 ವಿಕೆಟ್ ಕಿತ್ತವನು ನಾಸ್ತುಷ್ ಕೆಂಜಿಗೆ. ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, ಬೆಳೆದದ್ದು ನಮ್ಮ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ! ಆ ದಿನ ನಮ್ಮ ಪ್ರೆಸ್ಸಿನ ಹುಡುಗರು ಮೆಷಿನ್ ನಿಲ್ಲಿಸಿ ಕೇಕೆ ಹಾಕಿದರು. ನಾನೂ ಹಾಕಿದೆ. ಆದರೆ ಆ ಕೇಕೆ ಅಮೆರಿಕದವನ ಮನೆಯಿಂದ ಬಂತೇ?

ಇನ್ನೊಂದು ಸತ್ಯ ಕೇಳಿ. ಅಮೆರಿಕಕ್ಕೆ ಕ್ರಿಕೆಟ್ ಹೊಸದೇನಲ್ಲ. 1844ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕ ಮತ್ತು ಕೆನಡಾ ಆಡಿದವು, ಕೆನಡಾ 23 ರನ್ನಿನಿಂದ ಗೆದ್ದಿತು. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ಅದೇ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಮೊದಲ ಟೆಸ್ಟ್ ಆಡಿದ್ದು 33 ವರ್ಷ ಕಳೆದು, 1877ರಲ್ಲಿ. ಫಿಲಡೆಲ್ಫಿಯಾದ ಬಾರ್ಟ್ ಕಿಂಗ್ ಎಂಬ ವೇಗದ ಬೌಲರ್ 1908ರಲ್ಲಿ ಇಂಗ್ಲೆಂಡಿಗೇ ಹೋಗಿ ಅಲ್ಲಿಯ ಬೌಲಿಂಗ್ ಸರಾಸರಿಯಲ್ಲಿ ಮೊದಲ ಸ್ಥಾನ ಹಿಡಿದು ಬಂದ!

ಹಾಗಾದರೆ ಅಲ್ಲಿ ಕ್ರಿಕೆಟ್ ಸತ್ತದ್ದು ಹೇಗೆ?

ಒಂದು, 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಸೈನಿಕರ ಬಿಡಾರದಲ್ಲಿ ಪಿಚ್ ಹದ ಮಾಡಿ ರೋಲರ್ ಎಳೆಯುವವರು ಯಾರು? ಬೇಸ್‌ಬಾಲಿಗೆ ಒಂದು ಬಯಲು ಸಾಕು, ಒಂದೆರಡು ತಾಸು ಸಾಕು. ಎರಡು, ಕ್ರಿಕೆಟ್ಟನ್ನು ಹಿಡಿದುಕೊಂಡವರು ಕ್ಲಬ್ಬಿನ ದೊಡ್ಡವರು. ಅವರಿಗೆ ಬೀದಿಯ ಹುಡುಗ ಬೇಕಾಗಿರಲಿಲ್ಲ. ಮೂರು, 1909ರಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾ ಸೇರಿ ಕ್ರಿಕೆಟ್ ಸಂಸ್ಥೆ ಕಟ್ಟಿದವು. ಅದು ಬ್ರಿಟಿಷ್ ಸಾಮ್ರಾಜ್ಯದ ಮನೆಯವರ ಸಂಸ್ಥೆ. ಅಮೆರಿಕಕ್ಕೆ ಒಳಗೆ ಜಾಗವಿರಲಿಲ್ಲ. ಬಾಗಿಲು ಹಾಕಿಕೊಂಡು ಕೂತವರ ಮನೆಗೆ ನೆಂಟರು ಬರುತ್ತಾರೆಯೇ?

ಅಚ್ಚುಕೂಟದವನಾದ ನನಗೆ ನಾಲ್ಕನೆಯ ಕಾರಣವೂ ಕಾಣುತ್ತದೆ. ಹೆನ್ರಿ ಚಾಡ್‌ವಿಕ್ ಎಂಬ ಪತ್ರಕರ್ತನಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. ಮೊದಮೊದಲು ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ. ಆಮೇಲೆ ಬೇಸ್‌ಬಾಲಿಗೆ ಮನಸೋತ. ಪಂದ್ಯದ ಇಡೀ ಲೆಕ್ಕವನ್ನು ಸಣ್ಣ ಪಟ್ಟಿಯಲ್ಲಿ ಕೊಡುವ ಪದ್ಧತಿಯನ್ನು ರೂಢಿಗೆ ತಂದವನೇ ಅವನು. ಮೈದಾನಕ್ಕೆ ಹೋಗದ ಕೂಲಿಕಾರನೂ ಪೇಪರ್ ಹಿಡಿದು ತನ್ನೂರ ಹುಡುಗ ಎಷ್ಟು ಹೊಡೆದ ಎಂದು ನೋಡುವಂತಾಯಿತು. ಆಟ ಮನೆ ಸೇರುವುದು ಹೀಗೆ! ಜನ ಓದುವ ಹಾಳೆಯಲ್ಲಿ, ಜನ ಆಡುವ ಮಾತಿನಲ್ಲಿ ಬಂದಾಗ.

ಈಗ ಮತ್ತೆ 2024ಕ್ಕೆ ಬನ್ನಿ. ನ್ಯೂಯಾರ್ಕಿನ ಪಕ್ಕ ನಾಸ್ಸೋ ಕೌಂಟಿಯಲ್ಲಿ 34 ಸಾವಿರ ಜನ ಕೂರುವ ಸ್ಟೇಡಿಯಂ ಎಬ್ಬಿಸಿದರು. ಜೂನ್ 9ರ ಭಾನುವಾರ ಭಾರತ-ಪಾಕಿಸ್ತಾನ ಪಂದ್ಯ. ಶುರುವಾದದ್ದು ಅಲ್ಲಿಯ ಬೆಳಿಗ್ಗೆ ಹತ್ತೂವರೆಗೆ. ಯಾಕೆ? ಆಗ ನಮ್ಮಲ್ಲಿ ರಾತ್ರಿ ಎಂಟು ಗಂಟೆ! ಊಟದ ತಟ್ಟೆ ಹಿಡಿದು ಟೀವಿ ಮುಂದೆ ಕೂರುವ ಹೊತ್ತು. ಮೂರು ದಿನ ಮುಂಚೆ ಅಮೆರಿಕದ ತಂಡವೇ ಪಾಕಿಸ್ತಾನವನ್ನು ಸೋಲಿಸಿದ ಪಂದ್ಯವೂ ಗುರುವಾರದ ಬೆಳಿಗ್ಗೆ, ಅಲ್ಲಿಯವರು ಕೆಲಸಕ್ಕೆ ಹೋದ ಸಮಯದಲ್ಲಿ. ಆಟ ಅಮೆರಿಕದ ನೆಲದಲ್ಲಿ, ಗಡಿಯಾರ ಮಾತ್ರ ಇಂಡಿಯಾದ್ದು. ಹೀಗೆ ಮಾಡಿದರೆ ಅಲ್ಲಿಯ ಜನ ಎಲ್ಲಿಂದ ಬರಬೇಕು ಸ್ವಾಮಿ?

ವಿಶ್ವಕಪ್ ಮುಗಿಯುವ ಮೊದಲೇ ಆ ಸ್ಟೇಡಿಯಂ ಬಿಚ್ಚಲು ಶುರು ಮಾಡಿದರು. ಜಾತ್ರೆ ಮುಗಿದ ಮೇಲೆ ತೇರಾದರೂ ಊರಲ್ಲಿ ಉಳಿಯುತ್ತದೆ. ಇಲ್ಲಿ ಉಳಿದದ್ದು ಬರೀ ಬಯಲು. ಇದಕ್ಕೇ ನಾನು ಬಾಡಿಗೆ ಮನೆ ಎನ್ನುವುದು.

2023ರಲ್ಲಿ ಅಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾಗಿದೆ. ಗ್ರ್ಯಾಂಡ್ ಪ್ರೇರಿಯ ಹಳೆಯ ಬೇಸ್‌ಬಾಲ್ ಮೈದಾನವನ್ನೇ ಕ್ರಿಕೆಟ್ಟಿಗೆ ಒಗ್ಗಿಸಿದ್ದಾರೆ. ಒಳ್ಳೆಯದೇ, ಉಳಿಯುವಂಥ ಕೆಲಸ. ಆದರೆ ತಂಡಗಳ ಹೆಸರು ನೋಡಿ: ಟೆಕ್ಸಸ್ ಸೂಪರ್ ಕಿಂಗ್ಸ್, ಲಾಸ್ ಏಂಜಲೀಸ್ ನೈಟ್ ರೈಡರ್ಸ್, ಎಂಐ ನ್ಯೂಯಾರ್ಕ್. ಐಪಿಎಲ್ ಧಣಿಗಳ ಬ್ರಾಂಚ್ ಆಫೀಸು! ಇತ್ತ ಆಡಳಿತದ ಕಥೆ ಇನ್ನೂ ಚೆಂದ. ಅಲ್ಲಿಯ ಕ್ರಿಕೆಟ್ ಸಂಸ್ಥೆಯನ್ನು ಐಸಿಸಿ 2025ರ ಸೆಪ್ಟೆಂಬರ್‌ನಲ್ಲಿ ಅಮಾನತು ಮಾಡಿತು. ಮನೆ ಕಟ್ಟುವ ಮೊದಲೇ ಜಗಳ!

ಹಾಗಾದರೆ ಬೇರೆ ಆಟಕ್ಕೆ ಒಲಿದ ದೇಶವನ್ನು ಕ್ರಿಕೆಟ್ ಗೆಲ್ಲಲಾರದೇ? ಗೆಲ್ಲಬಲ್ಲದು. ಸಾಕ್ಷಿ ನಾವೇ. ಭಾರತ 1928ರಿಂದ 1956ರವರೆಗೆ ಸತತ ಆರು ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ದೇಶ. ಆ ದೇಶದಲ್ಲಿ ಹಾಕಿಯನ್ನು ಕ್ರಿಕೆಟ್ ಹಿಂದೆ ಹಾಕಿತು. ದುಡ್ಡೊಂದರಿಂದಲೇ? ಅಲ್ಲ. 1983ರಲ್ಲಿ ವಿಶ್ವಕಪ್ ಗೆದ್ದಾಗ ಟೂರ್ನಿಯಲ್ಲೇ ಹೆಚ್ಚು, 18 ವಿಕೆಟ್ ಪಡೆದವನು ಬೆಂಗಳೂರಿನ ರೋಜರ್ ಬಿನ್ನಿ. ಸ್ಟಂಪಿನ ಹಿಂದೆ ಇದ್ದವನು ಬೆಂಗಳೂರಲ್ಲೇ ಆಡಿ ಬೆಳೆದ ಕಿರ್ಮಾನಿ. 1996ರ ಮಾರ್ಚ್ 9, ಚಿನ್ನಸ್ವಾಮಿ ಸ್ಟೇಡಿಯಂ. ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ, ಮರು ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಎಗರಿಸಿದ. ಆಗ ನಾನು ಹೈಸ್ಕೂಲ್ ಹುಡುಗ. ಶ್ರೀನಾಥ್, ಕುಂಬ್ಳೆ, ಪ್ರಸಾದ್, ಮೂವರೂ ನಮ್ಮವರು! ಮರುದಿನ ನಮ್ಮ ಬೀದಿಯಲ್ಲಿ ಬ್ಯಾಟ್ ಹಿಡಿಯಲು ಯಾರೂ ತಯಾರಿರಲಿಲ್ಲ, ಎಲ್ಲರಿಗೂ ಬೌಲಿಂಗೇ ಬೇಕಿತ್ತು. ಅಭಿಮಾನಿ ಹುಟ್ಟುವುದು ಹಾಗೆ. ಗೆದ್ದವನಲ್ಲಿ ತನ್ನ ಮುಖ ಕಂಡಾಗ ಹುಟ್ಟುತ್ತಾನೆ.

ಅಮೆರಿಕದಲ್ಲೂ ಹೊರಗಿನ ಆಟ ಗೆದ್ದ ಉದಾಹರಣೆ ಇದೆ. ಅದು ಫುಟ್‌ಬಾಲ್, ಅವರ ಭಾಷೆಯಲ್ಲಿ ಸಾಕರ್. 1972ರಲ್ಲಿ, ಸರ್ಕಾರದ ನೆರವು ಪಡೆಯುವ ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂದು ಕಾನೂನು ಬಂತು. ಹೆಣ್ಣುಮಕ್ಕಳು ಮೈದಾನಕ್ಕಿಳಿದರು, ಎಷ್ಟೋ ಶಾಲೆಗಳಲ್ಲಿ ಸಾಕರ್ ಆಡಿದರು. 1999ರ ಮಹಿಳಾ ವಿಶ್ವಕಪ್ ಫೈನಲ್‌ಗೆ ರೋಸ್ ಬೌಲ್ ಸ್ಟೇಡಿಯಂನಲ್ಲಿ ಸೇರಿದ ಜನ 90,185! ಚೀನಾದ ವಿರುದ್ಧ ತಮ್ಮ ಹುಡುಗಿಯರು ಗೆದ್ದದ್ದನ್ನು ಕಣ್ಣಾರೆ ಕಂಡರು. ಅಷ್ಟೇ ಅಲ್ಲ, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರಿಗೆ ಅವರದೇ ಭಾಷೆಯಲ್ಲಿ ಪಂದ್ಯ ಬಿತ್ತರಿಸುವ ಟೀವಿಗಳು ಅಲ್ಲಿವೆ. ಕಾಮೆಂಟರಿ ತನ್ನ ನುಡಿಯಲ್ಲಿ ಕೇಳಿದರೆ ಆಟ ತನ್ನದಾಗುತ್ತದೆ. ಕನ್ನಡ ಕಾಮೆಂಟರಿಗಾಗಿ ಕೂಗಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಈಗ ಒಂದು ದೊಡ್ಡ ಬಾಗಿಲು ತೆರೆಯುತ್ತಿದೆ. 1900ರ ಪ್ಯಾರಿಸ್ ನಂತರ ಮೊದಲ ಬಾರಿಗೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿದೆ. ಗಂಡಸರ ಆರು ತಂಡ, ಹೆಂಗಸರ ಆರು ತಂಡ. ಒಲಿಂಪಿಕ್ಸ್ ಎಂದರೆ ಅಮೆರಿಕದವರು ಗೊತ್ತಿಲ್ಲದ ಆಟವನ್ನೂ ಕೂತು ನೋಡುತ್ತಾರೆ. ಆದರೆ ಅಲ್ಲಿಯೂ ಗಡಿಯಾರ ನಮಗಾಗಿ ತಿರುಗಿದರೆ ಬಾಗಿಲು ಮತ್ತೆ ಮುಚ್ಚುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಅಮೆರಿಕದಲ್ಲಿ ನಮ್ಮವರ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಕ್ರಿಕೆಟ್ ಗೆಲ್ಲುವುದಿಲ್ಲ. ಅಪ್ಪಂದಿರು ಮುದುಕರಾಗುತ್ತಾರೆ, ಮಕ್ಕಳು ಬೇಸ್‌ಬಾಲಿಗೆ ಹೋಗುತ್ತಾರೆ. ಶಾಲೆಯ ಅಂಗಳಕ್ಕೆ ಹೋದರೆ, ಹುಡುಗಿಯರ ಕೈಗೆ ಬ್ಯಾಟ್ ಕೊಟ್ಟರೆ, ಅಲ್ಲಿಯ ಸಂಜೆಯ ಹೊತ್ತಿಗೆ ಅಲ್ಲಿಯವರ ಮಾತಿನಲ್ಲಿ ಆಡಿಸಿದರೆ ಗೆಲ್ಲುತ್ತದೆ. "ಬೌಲರ್ ಅಂದರೆ ನಿಮ್ಮ ಪಿಚರ್ ಇದ್ದ ಹಾಗೆ" ಎಂದು ಪಕ್ಕದ ಮನೆಯವನಿಗೆ ಹೇಳಿಕೊಡುವ ಒಬ್ಬ ಹುಡುಗ, ಹತ್ತು ಐಪಿಎಲ್ ಧಣಿಗಳಿಗಿಂತ ದೊಡ್ಡ ಕೆಲಸ ಮಾಡುತ್ತಾನೆ.

ಬೆಂಗಳೂರಿನಿಂದ ಅಲ್ಲಿಗೆ ವಿಮಾನ ಹತ್ತಲಿರುವ ತಮ್ಮಂದಿರೇ, ತಂಗಿಯರೇ! ಬ್ಯಾಟ್ ಒಯ್ಯುವುದಾದರೆ ಎರಡು ಒಯ್ಯಿರಿ. ಒಂದು ನಿಮಗೆ, ಇನ್ನೊಂದು ಪಕ್ಕದ ಮನೆಯ ಮಗುವಿಗೆ.

ಅಂದ ಹಾಗೆ, ಅಕ್ಕನ ಮಗನಿಗೆ ಬ್ಯಾನರ್ ಕಳಿಸಿದೆ. ಮೇಲೆ ಕನ್ನಡದಲ್ಲಿ ಟೂರ್ನಮೆಂಟಿನ ಹೆಸರು. ಕೆಳಗೆ, ಅವನು ಬೇಡ ಎಂದರೂ, ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಹಾಕಿದ್ದೇನೆ: "ಆಡಲು ಬನ್ನಿ, ನಾವು ಕಲಿಸುತ್ತೇವೆ."