ಬಡಾವಣೆಯ ಚೌಕಕ್ಕೆ ಗಾಜಿನ ಶಿಲ್ಪ

ಊರು ಬೆಳೆದಂತೆ ಬಡಾವಣೆಗಳು ಹುಟ್ಟುತ್ತವೆ. ಬಡಾವಣೆಯ ಚೌಕದಲ್ಲಿ ನೋಡತಕ್ಕ ವಸ್ತುವೊಂದು ನಿಲ್ಲಬೇಕೆಂಬ ಆಸೆಯೂ ಅವುಗಳೊಡನೆ ಹುಟ್ಟುತ್ತದೆ. ದೊಡ್ಡ ನಗರಗಳಲ್ಲಿ ಗಾಜೂ ಶಿಲ್ಪದ್ರವ್ಯವಾಗಿದೆ. ಷಿಕಾಗೋ ನಗರದ ಮಿಲೇನಿಯಂ ಉದ್ಯಾನದಲ್ಲಿ 2004ರಲ್ಲಿ ಗಾಜಿನ ಇಟ್ಟಿಗೆಗಳ, 50 ಅಡಿ ಎತ್ತರದ ಎರಡು ಗೋಪುರಗಳು ಎದ್ದವು. ಇಂಥ ಆಸೆಯು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೂ ಬಂದರೆ ನಾವು ಹಳಿಯುವವರಲ್ಲ. ಸೌಂದರ್ಯವು ರಾಜಧಾನಿಗಳ ಸ್ವತ್ತಲ್ಲ. ಆದರೆ ಹಣವು ಮಹಾಜನರದು, ಚೌಕದಲ್ಲಿ ಆಡುವ ಮಕ್ಕಳು ಮಹಾಜನರವರು. ಆದುದರಿಂದ ವಿಚಾರಮಾಡಬೇಕಾಗಿದೆ.

ಘಟ್ಟದ ಕೆಳಗಿನ ಕಾರ್ಕಳದ ನಿದರ್ಶನವು ಕಣ್ಣಮುಂದಿದೆ. ಬೈಲೂರಿನ ಉಮಿಕ್ಕಳ ಬೆಟ್ಟದಲ್ಲಿ 2023ರ ಜನವರಿಯಲ್ಲಿ ಅನಾವರಣಗೊಂಡ ಪರಶುರಾಮನ ವಿಗ್ರಹವು ಹೇಳಿದ ಲೋಹದ್ದು ಹೌದೋ ಅಲ್ಲವೋ ಎಂಬ ವಿವಾದವು ಅದೇ ವರ್ಷ ಎದ್ದಿತು; ಮೇಲ್ಭಾಗವನ್ನು ಇಳಿಸಲಾಯಿತು; ವಿಷಯವು ಪೋಲೀಸು ತನಿಖೆಗೆ ಹೋಯಿತು. ತಪ್ಪು ಯಾರದೆಂದು ನಿರ್ಣಯಿಸುವುದು ನ್ಯಾಯಸ್ಥಾನದ ಕೆಲಸ, ನಮ್ಮದಲ್ಲ. ಆದರೆ ದ್ರವ್ಯದ ಪರೀಕ್ಷೆಯು ಅನಾವರಣಕ್ಕೆ ಮೊದಲೇ ಬಹಿರಂಗವಾಗಿ ನಡೆಯಬೇಕೆಂಬ ಪಾಠವನ್ನು ಕಲಿಯಲು ತೀರ್ಪಿಗಾಗಿ ಕಾಯಬೇಕಾಗಿಲ್ಲ.

ಗಾಜಿನ ವಿಷಯದಲ್ಲಿ ಈ ಎಚ್ಚರವು ಇಮ್ಮಡಿಯಾಗಿರತಕ್ಕದ್ದು. ಸಾಮಾನ್ಯ ಗಾಜು ಒಡೆದರೆ ಕತ್ತಿಯಂಥ ಚೂರುಗಳಾಗುತ್ತದೆ. ಟಫನ್ಡ್ ಗಾಜು ಮೊಂಡಾದ ಸಣ್ಣ ಹರಳುಗಳಾಗಿ ಉದುರುತ್ತದೆ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಬಿರಿದರೂ ಚೂರುಗಳನ್ನು ಹಿಡಿದುಕೊಂಡಿರುತ್ತದೆ. ದೂರದಿಂದ ನೋಡುವವನಿಗೆ ಮೂರೂ ಒಂದೇ, ಬೆಲೆಯಲ್ಲಿ ಒಂದಲ್ಲ. ಅರ್ಹರಲ್ಲಿ ಕನಿಷ್ಠ ದರ ಬರೆದವನಿಗೆ ಕೆಲಸ ಕೊಡುವುದು ಟೆಂಡರಿನ ರೂಢಿ. ಚರಂಡಿಗೆ ಅದು ಸಾಕು. ಶಿಲ್ಪಕ್ಕೆ ಅದೊಂದೇ ಅಳತೆಯಾದರೆ ಮೊದಲು ಸೊರಗುವುದು ದ್ರವ್ಯ, ಆಮೇಲೆ ಕಲೆ.

ನಮ್ಮ ಸೀಮೆಯ ಮಳೆಯನ್ನೂ ಮರೆಯಲಾಗದು. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಪಾಚಿ ಹತ್ತದ ಗೋಡೆ ಇಲ್ಲಿ ಎಲ್ಲಿದೆ? ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಶಿಲೆಯು ಶತಮಾನಗಳ ಮಳೆಯನ್ನು ತಾಳಿ ನಿಂತಿದೆ. ಕೊಪ್ಪಕ್ಕೆ ಸಮೀಪದ ಕುಪ್ಪಳಿಯ ಕವಿಶೈಲದಲ್ಲಿ ಕಲಾವಿದ ಕೆ. ಟಿ. ಶಿವಪ್ರಸಾದರ ಕಲ್ಪನೆಯಂತೆ ನಿಂತಿರುವ ಬೃಹತ್ ಶಿಲೆಗಳು ಹೊಸ ಕಲೆಯೂ ಹೌದು, ಮಲೆನಾಡಿನವೂ ಹೌದು. ಗಾಜನ್ನು ಆರಿಸುವವರು ಕಲ್ಲನ್ನೇಕೆ ಬಿಟ್ಟೆವೆಂದು ಜನರಿಗೆ ಉತ್ತರ ಹೇಳಬಲ್ಲವರಾಗಿರಬೇಕು.

ಪಟ್ಟಣ ಪಂಚಾಯಿತಿಗಳ ಮುಂದೆ ನಾವು ಇಡುವ ಸಲಹೆಗಳು ಇಷ್ಟು. ಸಾರ್ವಜನಿಕ ರಸ್ತೆ, ಕಾಲುದಾರಿ ಮೊದಲಾದ ಕಡೆ ಪ್ರತಿಮೆಗಳಿಗೆ ಅನುಮತಿ ಕೊಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2013ರ ಜನವರಿಯಲ್ಲಿ ಆಜ್ಞೆಮಾಡಿದೆ. ಆದುದರಿಂದ ಸ್ಥಳದ ಪ್ರಶ್ನೆಯು ಮೊದಲು ತೀರ್ಮಾನವಾಗಲಿ. ಬಳಿಕ ಶಿಲ್ಪದ ಸಣ್ಣ ಮಾದರಿಯನ್ನು ನಿವಾಸಿಗಳ ಸಭೆಯಲ್ಲಿಟ್ಟು ಅವರ ಮಾತನ್ನು ಕೇಳಲಿ. ಗಾಜಿನ ಜಾತಿ, ದಪ್ಪ, ಆಧಾರಗಳನ್ನು ಕರಾರಿನಲ್ಲಿ ಬರೆದು, ಹೊರಗಿನ ಪರಿಣತರಿಂದ ಪರೀಕ್ಷೆ ಮಾಡಿಸಲಿ. ಅದೇ ಗಾಜಿನ ಒಂದು ತುಂಡನ್ನು ಅದೇ ಚೌಕದಲ್ಲಿ ಒಂದು ಮಳೆಗಾಲ ನಿಲ್ಲಿಸಿ ನೋಡಲಿ. ತೊಳೆಯುವ, ಒಡೆದರೆ ಬದಲಿಸುವ ವೆಚ್ಚವನ್ನು ಆಯವ್ಯಯದಲ್ಲಿ ಮೊದಲೇ ತೆಗೆದಿಡಲಿ.

ಇದರಿಂದ ಒಂದು ವರ್ಷ ತಡವಾದೀತು. ಆಗಲಿ. ನಿಲ್ಲಿಸಿದ ಶಿಲ್ಪವನ್ನು ಜನರೆದುರಿಗೇ ಇಳಿಸಬೇಕಾಗಿ ಬರುವ ಅವಮಾನಕ್ಕಿಂತ ಒಂದು ವರ್ಷದ ತಾಳ್ಮೆಯು ಅಗ್ಗವೆಂಬುದನ್ನು ಅಧಿಕಾರವರ್ಗದವರು ಒಪ್ಪುವರೆಂದು ನಂಬಿದ್ದೇವೆ.