ಸಹಲಿಗೆ ಹಲಗಲಿ

ನಮ್ಮ ಶಾಲೆಯ ಸಹಲು ಎಂದೊಡನೆ ಹಳೆಯ ವಿದ್ಯಾರ್ಥಿನಿಯರ ಕಣ್ಣ ಮುಂದೆ ಬಂದು ನಿಲ್ಲುವುವು ಬಾದಾಮಿಯ ಮೇಣಬಸದಿಗಳು, ಪಟ್ಟದಕಲ್ಲಿನ ಗುಡಿಗಳು, ವಿಜಯಪುರದ ಗೋಲಗುಮ್ಮಟ. ಗುಮ್ಮಟದೊಳಗೆ ಗೆಳತಿಯ ಹೆಸರನ್ನು ಕೂಗಿ ಮಾರ್ದನಿಯನ್ನು ಎಣಿಸದವರು ನಿಮ್ಮಲ್ಲಿ ವಿರಳ. ಅವುಗಳನ್ನು ನೋಡಬಾರದೆಂದು ಹೇಳತಕ್ಕವರು ನಾವಲ್ಲ. ಆದರೆ ಮುಧೋಳ ತಾಲೂಕಿನ ಹಲಗಲಿಯೆಂಬ ಸಣ್ಣ ಹಳ್ಳಿಯನ್ನು ಇಷ್ಟು ವರುಷ ಬಿಟ್ಟು ನಡೆದದ್ದು ನಮ್ಮ ತಪ್ಪು. ಇನ್ನು ಮೇಲೆ ನಮ್ಮ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿಬರಬೇಕೆಂಬುದು ನಮ್ಮ ಅಭಿಪ್ರಾಯ.

ಹಿಂದೊಮ್ಮೆ ಸಹಲಿನ ಯಾದಿಯಲ್ಲಿ ಈ ಹೆಸರು ಬಂದಿದ್ದಿತು. ಆಗ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕಾರ, ಅಲ್ಲಿ ನೋಡಾಕ ಏನೈತ್ರೀ?" ಎಂದು ಕೇಳಿದಳು. ಕೆಲವರು ಪಾಲಕರೂ ಅದನ್ನೇ ಕೇಳಿದರು. ನಮಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಯಾದಿಯಿಂದ ಆ ಹೆಸರನ್ನು ಹೊಡೆದುಹಾಕಿದವರು ನಾವೇ. ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿರುವೆವು.

ಹಲಗಲಿಯು ಎಲ್ಲೆಗಳ ನಡುವಣ ಊರು. 1857ರಲ್ಲಿ ಅದು ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದಿತು, ಜಮಖಂಡಿಯು ಪಟವರ್ಧನರದು, ಬೀಳಗಿಯ ಸೀಮೆಯು ಇಂಗ್ಲಿಷರದು. ಇಂದು ಒಂದೇ ಹೆಸರಿನಂತೆ ನುಡಿಯುವ ರಬಕವಿ–ಬನಹಟ್ಟಿಗಳಲ್ಲಿ ಕೂಡ ರಬಕವಿಯು ಸಾಂಗಲಿಗೂ ಬನಹಟ್ಟಿಯು ಜಮಖಂಡಿಗೂ ಸೇರಿದ್ದುವು. ಒಂದೂರಿನ ಮಗ್ಗದ ಸಪ್ಪಳವು ಇನ್ನೊಂದು ಸಂಸ್ಥಾನಕ್ಕೆ ಕೇಳಿಸುತ್ತಿದ್ದಿರಬೇಕು! 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಆ ಎಲ್ಲೆಗಳು ಅಳಿದುವು.

1857ರಲ್ಲಿ ಜನರು ಅಪ್ಪಣೆಯಿಲ್ಲದೆ ಆಯುಧಗಳನ್ನು ಇಟ್ಟುಕೊಳ್ಳಬಾರದೆಂಬ ಕಾಯಿದೆ ಹೊರಟಿತು. ಹಲಗಲಿಯ ಬೇಡರಿಗೆ ಆಯುಧವು ಬೇಟೆಯ ಸಾಧನ, ಹೊಟ್ಟೆಯ ಪಾಡು, ಮಾನವೂ ಹೌದು. ಜಡಗ, ಬಾಲ, ಹನುಮ, ರಾಮರೆಂಬವರ ಮುಂದಾಳುತನದಲ್ಲಿ ಅವರು ಕೊಡೆವೆಂದರು. ನವೆಂಬರದ ಕೊನೆಯಲ್ಲಿ ಇಂಗ್ಲಿಷರ ದಂಡು ಬಂದಿತು; ಊರಿಗೆ ಬೆಂಕಿ ಬಿದ್ದಿತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು.

ಇಷ್ಟನ್ನು ಇತಿಹಾಸದ ಪುಸ್ತಕವು ಹೇಳುವುದು. ಲಾವಣಿಯು ಹೇಳುವುದು ಬೇರೊಂದನ್ನು. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಹಲಗಲಿಯ ಬೇಡರ ಲಾವಣಿಯನ್ನು ಕಲಿತ ಹುಡುಗಿಯರು ನಮ್ಮಲ್ಲಿ ಎಷ್ಟೋ ಮಂದಿ. ಅದರಲ್ಲಿ ಕಾಳಗದ ಆವೇಶವಿದೆ, ನಿಜ. ಆದರೆ ಲೂಟಿಯಾದ ವಸ್ತುಗಳ ಲೆಕ್ಕವನ್ನು ಹಾಡುವಾಗ ಲಾವಣಿಕಾರನು ಬೆಳ್ಳಿಬಂಗಾರಕ್ಕೆ ನಿಲ್ಲಲಿಲ್ಲ. ಮನೆಯ ಬೆಲ್ಲ, ಉಪ್ಪು, ಅರಿಸಿನಗಳನ್ನೂ ಬೀಸುವ ಕಲ್ಲನ್ನೂ ಮಂಗಳಸೂತ್ರವನ್ನೂ ಎಣಿಸಿದನು. ಬೀಸುವ ಕಲ್ಲು ಹೋದ ಮನೆಯಲ್ಲಿ ಮರುದಿನ ರೊಟ್ಟಿಯಿಲ್ಲ. ಗಲ್ಲಿಗೇರಿದವರ ಸಂಖ್ಯೆಯನ್ನು ಸರಕಾರವು ಬರೆದಿಟ್ಟಿತು. ಒಲೆ ಹೊತ್ತದ ಮನೆಗಳ ಸಂಖ್ಯೆಯನ್ನು ಯಾರು ಬರೆದಿಟ್ಟರು? ತರಗತಿಯಲ್ಲಿ ಈ ಪದ್ಯವನ್ನು ಕಲಿಸುವಾಗ ನಾವು ವೀರರಸವನ್ನು ವಿವರಿಸಿ, ಈ ಭಾಗವನ್ನು ಬರಿಯ ಪಟ್ಟಿಯೆಂದು ಓದಿಸಿ ಮುಂದೆ ಸಾಗುತ್ತಿದ್ದೆವು. ಈಗ ನಾಚಿಕೆಯಾಗುವುದು.

ಇನ್ನೊಂದು ವಿಚಿತ್ರವನ್ನು ಹೇಳದೆ ಇರಲಾರೆವು. ಜನರ ಬಾಯಲ್ಲಿದ್ದ ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾತನು ಜಾನ್ ಫೇತ್‌ಫುಲ್ ಫ್ಲೀಟ್, ಅದೇ ಇಂಗ್ಲಿಷ್ ಆಡಳಿತದ ಅಧಿಕಾರಿ. ಊರನ್ನು ಸುಟ್ಟ ಸರಕಾರದ ನೌಕರನೇ ಊರಿನ ಅಳಲನ್ನು ಉಳಿಸಿದನು. ಇದರಿಂದ ಸುಟ್ಟದ್ದು ಸಣ್ಣದಾಗುವುದಿಲ್ಲ.

ಇಂಥ ಕಥೆಯನ್ನು ಕೇಳಿ ಹುಡುಗಿಯರು ಉದ್ಧಟರಾದಾರೆಂದು ಕೆಲವರು ಹಿರಿಯರು ಅಂಜುವರು. ಆ ಅಂಜಿಕೆ ನಮಗಿಲ್ಲ. ಉದ್ಧಟತನವನ್ನು ಕಲಿಯಲು ಅವರು ಹಲಗಲಿಯವರೆಗೆ ಹೋಗಬೇಕಾಗಿಲ್ಲ! ಒಂದು ಕಾಯಿದೆಯು ದೂರದಲ್ಲಿ ಹುಟ್ಟಿ ಬಡವರ ಅಡಿಗೆಮನೆಯವರೆಗೆ ಹೇಗೆ ಬರುವುದೆಂಬುದನ್ನು ನಾಳೆ ಮತ ಹಾಕತಕ್ಕ ಹೆಣ್ಣುಮಗಳು ಅರಿತಿರುವುದು ಒಳ್ಳೆಯದು.

ಸುತ್ತಲೂ ನೋಡತಕ್ಕ ಸ್ಥಳಗಳಿಗೂ ಕೊರತೆಯಿಲ್ಲ. ಬೀಳಗಿಯಲ್ಲಿ ಅರೆತ್ತಿನ ಬಾವಿಯಿದೆ; ತೇರದಾಳದಲ್ಲಿ ಗೊಂಕನು ಕಟ್ಟಿಸಿದ ಹನ್ನೆರಡನೆಯ ಶತಮಾನದ ಜಿನಾಲಯವಿದೆ. ಮುಧೋಳವಂತೂ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನ ಊರು. ಆತನಿಂದ ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆ. ಹೆಣ್ಣೊಬ್ಬಳ ಔದಾರ್ಯದಿಂದ 993ರಲ್ಲಿ ಆ ಕಾವ್ಯವು ಪೂರ್ಣವಾಯಿತೆಂಬುದನ್ನು ಮುಧೋಳದಲ್ಲಿಯೇ ನಿಂತು ಹೇಳಿದರೆ ಮಕ್ಕಳು ಮರೆಯಲಾರರು. ಮುಧೋಳ, ಬೀಳಗಿ ತಾಲೂಕುಗಳ ಕುರುಚಲು ಕಾಡಿನಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವು ಏರ್ಪಟ್ಟಿತು. ಬೇಟೆಗಾರರ ಸೀಮೆಯಲ್ಲಿ ಈಗ ಜಿಂಕೆಗೆ ಅಭಯ!

ಹಲಗಲಿಯಲ್ಲಿ ಗೋಲಗುಮ್ಮಟದಂಥದು ಏನೂ ಕಾಣಿಸದು; ಸುಟ್ಟ ಊರು ಗುಮ್ಮಟವನ್ನು ಎಲ್ಲಿಂದ ತರುವುದು? ಓಣಿಗಳಲ್ಲಿ ನಡೆದು, ಹಿರಿಯರ ಮುಂದೆ ಕುಳಿತು ಕೇಳಬೇಕು. ಆದುದರಿಂದ ನಮ್ಮದೊಂದು ಬೇಡಿಕೆ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಆ ಹಳ್ಳಿಗಳಿಗೆ ಸೊಸೆಯರಾಗಿ ಹೋಗಿರುವಿರಿ. ನಿಮ್ಮ ಅತ್ತೆಯರಿಗೆ, ಅಜ್ಜಿಯರಿಗೆ ಬರುವ ಬೀಸುವ ಪದಗಳನ್ನೂ ಹಲಗಲಿಯ ಮಾತುಗಳನ್ನೂ ಅವರ ಬಾಯಲ್ಲಿ ಬಂದಂತೆಯೇ, ತಿದ್ದದೆ, ಬರೆದು ಶಾಲೆಗೆ ಕಳುಹಿಸಿರಿ. ಪಾಲಕರು ಈ ವರುಷ ಸಹಲಿನ ಒಪ್ಪಿಗೆಯ ಚೀಟಿಯಲ್ಲಿ ಹಲಗಲಿಯ ಹೆಸರನ್ನು ಕಂಡು ಹಿಂದಿನ ಪ್ರಶ್ನೆಯನ್ನು ಕೇಳದೆ ಸಹಿ ಮಾಡಬೇಕು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಾಕು; ನೀರಿನ ತಂಬಿಗೆಯನ್ನು ಮಾತ್ರ ಮರೆಯಬಾರದು.